ಅಳೆದು ಆಡಬೇಕಾದ ಮಾತು



ನೀವು ಸ್ವಂತ ಮನೆ ಕಟ್ಟಿಸಿದವರಾದರೆ ಆ ದಿನಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಬಾವಿ ತೋಡಿಸುವ ಮುನ್ನ ನೀರಿನ ಒರತೆ ಎಲ್ಲಿದೆಯೆಂದು ನಾಲ್ಕು ಮಂದಿಯನ್ನು ಕೇಳಿದಿರಿ. ಬಾಗಿಲಿಗೆಂದು ತಂದ ಹಲಸಿನ ಮರ ಬಲಿತಿದೆಯೇ ಎಂದು ಬೆರಳಿನಿಂದ ತಟ್ಟಿ ನೋಡಿದಿರಿ. ಮುರಕಲ್ಲು ಗಟ್ಟಿಯಿದೆಯೇ, ಹೊಯ್ಗೆಯಲ್ಲಿ ಉಪ್ಪಿನಂಶವಿದೆಯೇ ಎಂದು ವಿಚಾರಿಸಿದಿರಿ. ಆದರೆ ಆ ಮನೆಯಲ್ಲಿ ಹಗಲಿರುಳು ಉಸಿರಾಡಬೇಕಾದ ಗಾಳಿಯನ್ನೂ ಪರೀಕ್ಷಿಸಬೇಕೆಂದು ನಿಮಗೆ ಯಾರಾದರೂ ಹೇಳಿದ್ದುಂಟೇ? ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಆಸುಪಾಸಿನಲ್ಲಿ ಮನೆ ಕಟ್ಟಿಸುವ ಕೆಲಸದಲ್ಲೇ ಇದ್ದವನು ನಾನು. ನನ್ನ ಬಳಿ ಕಲ್ಲು, ಮರ, ಸಿಮೆಂಟು, ನೀರು ಇವೆಲ್ಲವುಗಳ ಬಗ್ಗೆ ಪ್ರಶ್ನೆ ಕೇಳಿದವರು ನೂರಾರು ಮಂದಿ. ಗಾಳಿಯ ಬಗ್ಗೆ ಕೇಳಿದವರು ಒಬ್ಬರೂ ಇಲ್ಲ. ಆ ವಿಷಯ ನನ್ನ ಬಳಿಗೆ ಬಂದದ್ದು ನಮ್ಮದೇ ಕುಟುಂಬದ ಒಂದು ದುಃಖದ ದಾರಿಯಾಗಿ. ಅದನ್ನು ಹೇಳುವ ಮುನ್ನ ವಿಷಯವನ್ನೇ ತುಸು ಪರಿಚಯಿಸುತ್ತೇನೆ.

ನೆಲದ ಮಣ್ಣಿನಲ್ಲಿಯೂ ಬಂಡೆಯಲ್ಲಿಯೂ ಯುರೇನಿಯಂ ಎಂಬ ಧಾತು ಅತ್ಯಲ್ಪ ಪ್ರಮಾಣದಲ್ಲಿ ಎಲ್ಲೆಡೆಯೂ ಬೆರೆತಿದೆ. ಒಂದು ಟನ್ ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಕೆಲವೇ ಗ್ರಾಂಗಳಷ್ಟು. ಅದು ಕೋಟ್ಯಂತರ ವರ್ಷಗಳಲ್ಲಿ ನಿಧಾನವಾಗಿ ಕ್ಷಯಿಸುತ್ತ ಒಂದರಿಂದ ಇನ್ನೊಂದು ಧಾತುವಾಗಿ ಮಾರ್ಪಡುತ್ತದೆ. ಈ ಸರಪಳಿಯ ನಡುವೆ ರೇಡಿಯಂ ಹುಟ್ಟುತ್ತದೆ. ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಸರಪಳಿಯ ಉಳಿದೆಲ್ಲ ಸದಸ್ಯರು ಘನವಸ್ತುಗಳು. ರೇಡಾನ್ ಮಾತ್ರ ಅನಿಲ. ಆದ್ದರಿಂದಲೇ ಅದು ಹುಟ್ಟಿದ ಕಲ್ಲಿನಲ್ಲಿ ಉಳಿಯದೆ ಮಣ್ಣಿನ ಸಂದುಗಳಲ್ಲಿ ನುಸುಳಿ ಮೇಲಕ್ಕೆ ಬರಬಲ್ಲದು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 3.8 ದಿನ ಬೇಕು. ನೆಲದಡಿಯಿಂದ ಮಲಗುವ ಕೋಣೆಗೆ ತಲುಪಲು ಆ ಅವಧಿ ಧಾರಾಳವಾಗಿ ಸಾಕು. 1900ರಲ್ಲಿ ಜರ್ಮನಿಯ ವಿಜ್ಞಾನಿ ಫ್ರೀಡ್ರಿಕ್ ಅರ್ನ್ಸ್ಟ್ ಡಾರ್ನ್ ಅವರು ರೇಡಿಯಂನಿಂದ ಹೊರಬರುವ ಈ ಅನಿಲವನ್ನು ಗುರುತಿಸಿದರು.

ಕಾರ್ಕಳದ ಗೊಮ್ಮಟನನ್ನು ನೀವು ನೋಡಿದ್ದೀರಿ. 1432ರಲ್ಲಿ ಪ್ರತಿಷ್ಠಾಪಿತವಾದ, 42 ಅಡಿ ಎತ್ತರದ ಏಕಶಿಲಾ ಮೂರ್ತಿ. ಯಾವುದೇ ಕಲ್ಲಿನಂತೆ ಆ ಕಲ್ಲಿನಿಂದಲೂ ಒಂದಿಷ್ಟು ರೇಡಾನ್ ಹೊರಬರುತ್ತಲೇ ಇರುತ್ತದೆ. ಆದರೆ ಬೆಟ್ಟದ ಮೇಲೆ ಬೀಸುವ ಗಾಳಿಗೆ ಅದು ಕ್ಷಣಮಾತ್ರದಲ್ಲಿ ಚದುರಿಹೋಗುತ್ತದೆ. ದರ್ಶನಕ್ಕೆ ಬಂದವರಿಗೆ ಅದರಿಂದ ತೊಂದರೆಯಿಲ್ಲ. ಅದೇ ಅನಿಲ ಕಿಟಕಿ ಮುಚ್ಚಿದ ಕೋಣೆಯೊಂದಕ್ಕೆ ನೆಲದ ಬಿರುಕಿನಿಂದ ಬಂದರೆ ಅಲ್ಲಿಯೇ ಸಂಗ್ರಹವಾಗುತ್ತದೆ. ಆದ್ದರಿಂದ ಪ್ರಶ್ನೆ ಕಲ್ಲಿನದ್ದಷ್ಟೇ ಅಲ್ಲ, ಕಟ್ಟಡದ್ದು. ಇದನ್ನು ಅಳೆಯುವ ಮಾನಕ್ಕೆ ಬೆಕರೆಲ್ ಎಂದು ಹೆಸರು: ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕರೆಲ್. ಬಯಲಿನ ಒಂದು ಘನ ಮೀಟರ್ ಗಾಳಿಯಲ್ಲಿ ಸಾಮಾನ್ಯವಾಗಿ 5ರಿಂದ 15 ಬೆಕರೆಲ್ ರೇಡಾನ್ ಇರುತ್ತದೆ. ಜಗತ್ತಿನ ಮನೆಗಳ ಸರಾಸರಿ ಸುಮಾರು 40. ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಕೈಪಿಡಿಯಲ್ಲಿ, ಮನೆಯೊಳಗೆ ಇದು 100ನ್ನು ಮೀರದಿರಲಿ, ದೇಶದ ಪರಿಸ್ಥಿತಿಯಿಂದಾಗಿ ಅದು ಸಾಧ್ಯವಾಗದಿದ್ದರೆ 300ನ್ನಂತೂ ದಾಟದಿರಲಿ ಎಂದು ಸೂಚಿಸಿದೆ.

ರೇಡಾನ್ ಅನಿಲವನ್ನು ಉಸಿರಾಡಿದರೆ ಬಹುಪಾಲು ಉಸಿರಿನೊಂದಿಗೆ ಹೊರಗೆ ಹೋಗಿಬಿಡುತ್ತದೆ. ಕಷ್ಟವಿರುವುದು ಅದರ ಸಂತತಿಯಿಂದ. ರೇಡಾನ್ ಒಡೆದು ಹುಟ್ಟುವ ಪೊಲೊನಿಯಂ ಮೊದಲಾದ ಘನಕಣಗಳು ಧೂಳಿಗೂ ಹೊಗೆಗೂ ಅಂಟಿಕೊಂಡು ಶ್ವಾಸಕೋಶದ ಒಳಪದರದಲ್ಲಿ ಕುಳಿತುಕೊಳ್ಳುತ್ತವೆ. ಅಲ್ಲಿಂದ ಆಲ್ಫಾ ಕಣಗಳನ್ನು ಸಿಡಿಸುತ್ತವೆ. ಒಂದು ಹಾಳೆ ಕಾಗದ ತಡೆಯಬಲ್ಲ ಕಣ ಅದು. ಆದರೆ ಒಳಗಿನ ಜೀವಕೋಶಕ್ಕೆ ಆ ಕಾಗದದ ರಕ್ಷಣೆಯಿಲ್ಲ. ಮಧ್ಯ ಯುರೋಪಿನ ಗಣಿಗಳಲ್ಲಿ ದುಡಿದವರು ಎದೆಯ ಬೇನೆಯಿಂದ ಅಕಾಲದಲ್ಲಿ ಸಾಯುತ್ತಿದ್ದುದು ಹದಿನಾರನೆಯ ಶತಮಾನದಲ್ಲೇ ದಾಖಲಾಗಿತ್ತು. ಅದಕ್ಕೆ ರೇಡಾನ್ ಹೊಣೆಯೆಂದು ತಿಳಿಯಲು ಮುನ್ನೂರು ವರ್ಷಗಳಿಗೂ ಹೆಚ್ಚು ಹಿಡಿಯಿತು. 1988ರಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರೇಡಾನನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು.

ಗಣಿಯ ಮಾತು ಮನೆಗೂ ಅನ್ವಯಿಸುತ್ತದೆಂದು ಜನಸಾಮಾನ್ಯರಿಗೆ ಮನವರಿಕೆಯಾದದ್ದು 1984ರ ಡಿಸೆಂಬರಿನಲ್ಲಿ, ಅಮೆರಿಕದ ಪೆನ್ಸಿಲ್ವೇನಿಯದಲ್ಲಿ. ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ಇನ್ನೂ ನಿರ್ಮಾಣದ ಹಂತದಲ್ಲಿದ್ದ ಅಣು ವಿದ್ಯುತ್ ಸ್ಥಾವರವೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿನ ವಿಕಿರಣ ಪತ್ತೆಯಂತ್ರ ಅವರನ್ನು ಕಂಡೊಡನೆ ಎಚ್ಚರಿಕೆಯ ಗಂಟೆ ಬಾರಿಸತೊಡಗಿತು. ಹುಡುಕುತ್ತ ಹೋದರೆ ಅವರು ವಿಕಿರಣದ ಕಣಗಳನ್ನು ಮೈಗಂಟಿಸಿಕೊಂಡು ಬರುತ್ತಿದ್ದುದು ಸ್ಥಾವರದಿಂದಲ್ಲ, ತಮ್ಮ ಮನೆಯಿಂದ! ಆ ಮನೆಯ ರೇಡಾನ್ ಒಂದು ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕರೆಲ್ ಇತ್ತು. ಕುಟುಂಬವನ್ನು ಹೊರಕ್ಕೆ ಕಳುಹಿಸಿ, ಕೆಲವು ತಿಂಗಳು ದುರಸ್ತಿ ಮಾಡಿ, ಪ್ರಮಾಣ ತಗ್ಗಿದ ಬಳಿಕ ಅವರನ್ನು ಅದೇ ಮನೆಗೆ ಮರಳಿಸಲಾಯಿತು. ಮನೆಯ ರೇಡಾನನ್ನು ಅಳೆಯುವುದೂ ತಗ್ಗಿಸುವುದೂ ಒಂದು ಕಸುಬಾಗಿ, ತರಬೇತಿ ಬೇಡುವ ವೃತ್ತಿಯಾಗಿ ಬೆಳೆದದ್ದು ಆ ಘಟನೆಯ ಅನಂತರ.

ಇನ್ನು ನಮ್ಮ ಕರಾವಳಿಯ ಮಾತು. ನಮ್ಮಲ್ಲಿ ಈ ವಿಜ್ಞಾನ ಇಲ್ಲವೆಂದು ದಯವಿಟ್ಟು ತಿಳಿಯಬೇಡಿ. ಮಂಗಳೂರು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಕೆ. ಸಿದ್ದಪ್ಪ ಮತ್ತು ಅವರ ಸಹೋದ್ಯೋಗಿಗಳು ಈ ಪ್ರದೇಶದ ನೈಸರ್ಗಿಕ ವಿಕಿರಣವನ್ನು ದಶಕಗಳ ಹಿಂದೆಯೇ ಅಳೆಯತೊಡಗಿದರು. ಉಳ್ಳಾಲದ ಕಡಲತೀರದ ಮರಳಿನಲ್ಲಿ ಮೊನಜೈಟ್ ಖನಿಜದಿಂದಾಗಿ ಸಹಜ ವಿಕಿರಣ ಹೆಚ್ಚಿರುವುದನ್ನು ಅವರ ತಂಡ 1993ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿತು. ಇಂದು ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ ಪರಿಸರದ ವಿಕಿರಣಶೀಲತೆಯ ಅಧ್ಯಯನಕ್ಕೆಂದೇ ಒಂದು ಉನ್ನತ ಸಂಶೋಧನಾ ಕೇಂದ್ರವಿದೆ. ರೇಡಾನ್ ಮಾಪಕಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಪರೀಕ್ಷಿಸಲು, ಮನುಷ್ಯರು ಒಳಗೆ ನಡೆದು ಹೋಗಬಹುದಾದಷ್ಟು ದೊಡ್ಡ ಕೋಣೆಯೊಂದನ್ನು ಪ್ರಾಧ್ಯಾಪಕ ಎನ್. ಕರುಣಾಕರ ಅವರ ತಂಡ ಅಲ್ಲಿ ಸಜ್ಜುಗೊಳಿಸಿದೆ. ತಕ್ಕಡಿಯನ್ನು ತೂಗುವ ತಕ್ಕಡಿ ಅದು.

ಅಳೆಯುವ ವಿಧಾನವೂ ಕುತೂಹಲಕರವಾಗಿದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಪುಟ್ಟ ಡಬ್ಬಿಯೊಂದರೊಳಗೆ ಕೆಂಪು ಬಣ್ಣದ ಫಿಲ್ಮಿನ ತುಣುಕೊಂದನ್ನು ಇಟ್ಟು ಸುಮಾರು ಮೂರು ತಿಂಗಳು ಮನೆಯೊಳಗೆ ತೂಗುಹಾಕುತ್ತಾರೆ. ಒಳಗೆ ಬಂದ ರೇಡಾನ್ ಸಿಡಿಸುವ ಆಲ್ಫಾ ಕಣಗಳು ಫಿಲ್ಮಿಗೆ ಬಡಿದು ಕಣ್ಣಿಗೆ ಕಾಣದ ಗಾಯ ಮಾಡುತ್ತವೆ. ಬಳಿಕ ಆ ಫಿಲ್ಮನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ 60 ಡಿಗ್ರಿ ಬಿಸಿಯಲ್ಲಿ 90 ನಿಮಿಷ ಇಟ್ಟರೆ ಗಾಯಗಳು ಹಿಗ್ಗಿ ರಂಧ್ರಗಳಾಗುತ್ತವೆ. ಅವುಗಳನ್ನು ಒಂದೊಂದಾಗಿ ಎಣಿಸಿ ಲೆಕ್ಕ ಹಾಕುತ್ತಾರೆ. ಇದನ್ನೆಲ್ಲ ನಮ್ಮ ಊರುಗಳ ವಿದ್ಯಾರ್ಥಿಗಳು ವಿಶ್ವವಿದ್ಯಾನಿಲಯದಲ್ಲಿ ಕಲಿಯುತ್ತಾರೆ. ಮಣಿಪಾಲದಲ್ಲಂತೂ ವಿಕಿರಣವನ್ನು ಚಿಕಿತ್ಸೆಗೆ ಬಳಸುವ ವಿದ್ಯೆಯನ್ನು ಕಲಿಸುವ ತರಗತಿಗಳೇ ಇವೆ. ಆದರೆ ಪ್ರಯೋಗಾಲಯದ ಈ ಅರಿವು ಪಂಚಾಂಗ ಕಟ್ಟುವ ಮೇಸ್ತ್ರಿಯ ಕೈಗೆ, ನೆಲಕ್ಕೆ ಕಲ್ಲು ಹಾಸುವವನ ಕೈಗೆ ಇಳಿದು ಬಂದಿಲ್ಲ. ಮನೆಮನೆಗೆ ಬಂದು ರೇಡಾನ್ ಅಳೆದು, ಹೆಚ್ಚಿದ್ದರೆ ತಗ್ಗಿಸಿಕೊಡುವ ಕಸುಬು ನಮ್ಮಲ್ಲಿ ಬೇರೂರಿಲ್ಲ. ಅಂಥ ಕಸುಬು ಹೇಗಿರುತ್ತದೆಂದು ನಾನು ತಿಳಿದದ್ದು ನನ್ನ ಅಕ್ಕನ ಮಗನಿಂದ.

ನನ್ನ ಅಕ್ಕನನ್ನು ಕಾರ್ಕಳದ ಸಮೀಪದ ಊರಿಗೆ ಮದುವೆ ಮಾಡಿಕೊಟ್ಟಿತ್ತು. ಅವಳು ಜೀವಮಾನದಲ್ಲಿ ಒಂದು ಬೀಡಿಯನ್ನೂ ಸೇದಿದವಳಲ್ಲ. ಆದರೆ ಸಾವಿರ ಸಾವಿರ ಬೀಡಿಗಳನ್ನು ಕಟ್ಟಿದಳು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತಿ, ಆ ದುಡ್ಡಿನಲ್ಲಿ ಮೂವರು ಮಕ್ಕಳನ್ನು ಓದಿಸಿದಳು. ಅಡುಗೆ ಸೌದೆಯ ಒಲೆಯಲ್ಲಿ. ಭಾವ ಬೀಡಿ ಸೇದುತ್ತಿದ್ದರು. 2016ರಲ್ಲಿ ಅವಳಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಮಣಿಪಾಲದಲ್ಲಿ ಗೊತ್ತಾಯಿತು. ಹದಿನಾಲ್ಕು ತಿಂಗಳು ಚಿಕಿತ್ಸೆ ನಡೆಯಿತು. ಆಮೇಲೆ ತೀರಿಕೊಂಡಳು.

ರೋಗಕ್ಕಿಂತ ಹೆಚ್ಚಾಗಿ ಅವಳನ್ನು ನೋಯಿಸಿದ್ದು ಜನರ ಪ್ರಶ್ನೆಗಳು. ಭಾನುವಾರ ಇಗರ್ಜಿಯ ಅಂಗಳದಲ್ಲಿ ಯಾರಾದರೂ ಎದುರಾದರೆ, ‘ಬಾಯಮ್ಮ, ನಿಮಗೆ ಹೇಗೆ ಬಂತು ಇದು?’ ಎಂದು ಕೇಳುವರು. ಒಬ್ಬರು ಬೀಡಿಯ ಧೂಳು ಎಂದರು. ಇನ್ನೊಬ್ಬರು ಒಲೆಯ ಹೊಗೆ ಎಂದರು. ಮತ್ತೊಬ್ಬರು ಭಾವನ ಮುಖ ನೋಡಿ ಮಾತು ನುಂಗಿಕೊಂಡರು; ನುಂಗಿದ ಮಾತು ಆಡಿದ ಮಾತಿಗಿಂತ ಜೋರಾಗಿ ಕೇಳಿಸಿತು. ಅಂದಿನಿಂದ ಭಾವ ಬೀಡಿ ಮುಟ್ಟಲಿಲ್ಲ, ಆದರೆ ಅಕ್ಕನ ಮುಖವನ್ನು ನೇರವಾಗಿ ನೋಡುವುದನ್ನೂ ಬಿಟ್ಟರು. ವೈದ್ಯರು ಮಾತ್ರ, ‘ಇಂಥದ್ದೇ ಕಾರಣ ಎಂದು ಒಬ್ಬ ರೋಗಿಯ ವಿಷಯದಲ್ಲಿ ಹೇಳಲಾಗುವುದಿಲ್ಲ’ ಎಂದು ಮೃದುವಾಗಿ ಹೇಳಿದರು. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾರಣ ಬೇಕು ಎಂಬ ಹಸಿವು ಮನುಷ್ಯನಿಗೆ ಅಷ್ಟು ತೀವ್ರವಾದುದು.

ಅವಳ ಎರಡನೆಯ ಮಗ ಕೆನಡದ ಕ್ಯಾಲ್ಗರಿಯಲ್ಲಿದ್ದಾನೆ. ಚಳಿಗಾಲದಲ್ಲಿ ಮನೆಗಳನ್ನು ಬೆಚ್ಚಗಿಡುವ ಗಾಳಿಕೊಳವೆಗಳನ್ನು ಜೋಡಿಸುವುದು ಅವನ ಕೆಲಸ. ಅಲ್ಲಿ ಮನೆಗಳ ಅಡಿಯಲ್ಲಿ ನೆಲಮಾಳಿಗೆಯಿರುತ್ತದೆ. ಆರು ತಿಂಗಳು ಕಿಟಕಿ ತೆರೆಯುವಂತಿಲ್ಲ. ಒಳಗಿನ ಬಿಸಿಗಾಳಿ ಮೇಲಕ್ಕೇರಿ ಹೊರಹೋಗುವಾಗ ಕೆಳಗಿನ ನೆಲದಿಂದ ಗಾಳಿಯನ್ನು ಹೀರಿಕೊಳ್ಳುತ್ತದೆ. ಅದರೊಡನೆ ರೇಡಾನೂ ಬರುತ್ತದೆ. ಕೆನಡ ಸರಕಾರ 2007ರಿಂದ 200 ಬೆಕರೆಲ್ಲನ್ನು ಮಿತಿಯೆಂದು ಇಟ್ಟುಕೊಂಡಿದೆ. ತಾಯಿ ತೀರಿಕೊಂಡ ಮರುವರ್ಷ ಅವನು ಅಲ್ಲಿನ ರಾಷ್ಟ್ರೀಯ ರೇಡಾನ್ ಪ್ರಾವೀಣ್ಯ ಕಾರ್ಯಕ್ರಮದ ತರಬೇತಿಗೆ ಸೇರಿದ. ಮೊದಲು ಅಳೆಯುವ ಕಲಿಕೆ, ಅನಂತರ ತಗ್ಗಿಸುವ ಕಲಿಕೆ. ಎರಡಕ್ಕೂ ಬೇರೆ ಬೇರೆ ಪಾಠ, ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಪ್ರಮಾಣಪತ್ರ. ಪ್ರಮಾಣಪತ್ರ ಉಳಿಸಿಕೊಳ್ಳಬೇಕಾದರೆ ಆಗಾಗ ಹೊಸ ಪಾಠಗಳನ್ನೂ ಕಲಿಯುತ್ತಿರಬೇಕು.

ನಾನೂ ಕಟ್ಟಡದವನಾದ್ದರಿಂದ ದೂರವಾಣಿಯಲ್ಲಿ ಅವನನ್ನು ಕೆದಕಿ ಕೆದಕಿ ಕೇಳುತ್ತಿದ್ದೆ. ಅಳೆಯುವುದೆಂದರೆ ಯಂತ್ರವನ್ನು ಎಲ್ಲೋ ಒಂದು ಕಡೆ ಇಡುವುದಲ್ಲ. ಜನರು ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇರುವ, ಮನೆಯ ಅತಿ ಕೆಳಗಿನ ಅಂತಸ್ತಿನ ಕೋಣೆಯನ್ನು ಆರಿಸಬೇಕು. ಅಡುಗೆಮನೆ, ಬಚ್ಚಲುಮನೆ ಬೇಡ. ಕಿಟಕಿಯ ಪಕ್ಕ, ಫ್ಯಾನಿನ ಎದುರು, ಬಿಸಿಲು ಬೀಳುವಲ್ಲಿ ಬೇಡ. ಕುಳಿತವರ, ಮಲಗಿದವರ ಉಸಿರಿನ ಮಟ್ಟದಲ್ಲಿ ಇಡಬೇಕು. ಒಂದೆರಡು ದಿನದ ಅಳತೆ ಅಂದಾಜಿಗೆ ಮಾತ್ರ. ಏಕೆಂದರೆ ರೇಡಾನ್ ಬೆಳಗಿನ ಜಾವ ಒಂದು, ಮಧ್ಯಾಹ್ನ ಇನ್ನೊಂದು, ಬೇಸಿಗೆಯಲ್ಲಿ ಮತ್ತೊಂದು. ಮೂರು ತಿಂಗಳ ಅಳತೆಯೇ ನಂಬಿಕೆಗೆ ಯೋಗ್ಯ. ಕೆಲವು ಕಡೆ ಒಂದರ ಪಕ್ಕ ಇನ್ನೊಂದು ಮಾಪಕ ಇಟ್ಟು ಎರಡೂ ಒಂದೇ ಉತ್ತರ ಕೊಡುತ್ತವೆಯೇ ಎಂದು ನೋಡಬೇಕು. ತೆರೆಯದ ಮಾಪಕವೊಂದನ್ನೂ ಪ್ರಯೋಗಾಲಯಕ್ಕೆ ಕಳುಹಿಸಿ ಅಲ್ಲಿನ ಎಣಿಕೆ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಅಂದರೆ, ಅಳೆಯುವವನು ಮೊಟ್ಟಮೊದಲು ತನ್ನ ಅಳತೆಯನ್ನೇ ಸಂಶಯಿಸಲು ಕಲಿಯಬೇಕು.

ತಗ್ಗಿಸುವ ಕೆಲಸ ಕೇಳಲು ಸುಲಭ. ಕೆಳಗಿನ ಕಾಂಕ್ರೀಟು ನೆಲಕ್ಕೆ ತೂತು ಕೊರೆದು, ಅಡಿಯ ಮಣ್ಣನ್ನು ಸ್ವಲ್ಪ ತೋಡಿ, ನಾಲ್ಕಿಂಚಿನ ಪಿವಿಸಿ ಕೊಳವೆ ಇಳಿಸಿ, ಒಂದು ಫ್ಯಾನಿನಿಂದ ನೆಲದಡಿಯ ಗಾಳಿಯನ್ನು ಹೀರಿ ಹೊರಗೆ ಬಿಡುವುದು. ಮನೆಯೊಳಗಿನ ಒತ್ತಡಕ್ಕಿಂತ ನೆಲದಡಿಯ ಒತ್ತಡ ತುಸು ಕಡಿಮೆಯಾದರೆ ಸಾಕು, ಅನಿಲ ಮೇಲಕ್ಕೆ ಬರುವುದಿಲ್ಲ. ಸರಿಯಾಗಿ ಮಾಡಿದರೆ ಹತ್ತರಲ್ಲಿ ಎಂಟು ಒಂಬತ್ತು ಪಾಲು ರೇಡಾನ್ ತಗ್ಗುತ್ತದೆ. ಆದರೆ ತೂತು ಎಲ್ಲಿ ಕೊರೆಯಬೇಕು? ಒಂದು ಕಡೆ ಹೀರಿದರೆ ಆ ಸೆಳೆತ ಕೋಣೆಯ ಇನ್ನೊಂದು ಮೂಲೆಗೆ ತಲುಪುತ್ತದೆಯೇ? ಸಣ್ಣ ತೂತುಗಳ ಬಳಿ ಹೊಗೆ ಹಿಡಿದು, ಅದು ಒಳಗೆ ಎಳೆಯಲ್ಪಡುತ್ತದೆಯೇ ಎಂದು ನೋಡಬೇಕು. ಸೆಳೆತ ಅತಿಯಾದರೆ ಮನೆಯ ಗ್ಯಾಸ್ ಒಲೆಯ ವಿಷಗಾಳಿ ಹೊರಹೋಗದೆ ಒಳಕ್ಕೇ ತಿರುಗಬಹುದು. ಒಂದು ಅಪಾಯ ತಗ್ಗಿಸಲು ಹೋಗಿ ಅದಕ್ಕಿಂತ ದೊಡ್ಡ ಅಪಾಯವನ್ನು ತಂದಂತಾದೀತು. ಆದ್ದರಿಂದಲೇ ತರಬೇತಿ ಬೇಕು. ಕೆಲಸ ಮುಗಿದ ಮೇಲೆ ಮತ್ತೆ ಅಳೆಯಲೇಬೇಕು. ಅಳೆಯುವ ತನಕ ‘ಸರಿಹೋಯಿತು’ ಎನ್ನುವಂತಿಲ್ಲ.

‘ಮಾವ, ನಮಗೆ ಪಾಠದಲ್ಲಿ ಹೆಚ್ಚು ಒತ್ತಿ ಹೇಳಿದ್ದು ಕೊಳವೆಯ ವಿಷಯವಲ್ಲ, ಮಾತಿನ ವಿಷಯ’ ಎಂದು ಅವನು ಒಮ್ಮೆ ಹೇಳಿದ. ಮನೆಯವರನ್ನು ಹೆದರಿಸಿ ಕೆಲಸ ಹಿಡಿಯಬಾರದು. ಅಳೆಯದೆ ‘ಏನೂ ಇಲ್ಲ, ಚಿಂತೆ ಬೇಡ’ ಎಂದೂ ಹೇಳಬಾರದು. ಪಕ್ಕದ ಮನೆಯ ಅಂಕಿಯಿಂದ ಈ ಮನೆಯನ್ನು ಊಹಿಸಬಾರದು. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲೂ ಅಂಕಿ ಬೇರೆಯಾಗಿರುವುದುಂಟು. ಮುಖ್ಯವಾಗಿ, ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿದ್ದರೆ, ಅದಕ್ಕೆ ರೇಡಾನ್ ಕಾರಣ ಎಂದಾಗಲಿ ಅಲ್ಲವೆಂದಾಗಲಿ ತೀರ್ಪು ಕೊಡುವ ಅಧಿಕಾರ ಅಳೆಯುವವನಿಗಿಲ್ಲ.

2023ರ ಜನವರಿಯಲ್ಲಿ ಅತ್ತೂರಿನ ಹಬ್ಬಕ್ಕೆಂದು ಅವನು ಊರಿಗೆ ಬಂದ. ಸೂಟ್‌ಕೇಸಿನಲ್ಲಿ ಚಾಕಲೇಟಿನ ಜೊತೆಗೆ ಹತ್ತು ಪುಟ್ಟ ಕಪ್ಪು ಡಬ್ಬಿಗಳೂ ಇದ್ದವು. ಕಾರ್ಕಳದ ಮನೆಯ ಮಲಗುವ ಕೋಣೆ ಮತ್ತು ಚಾವಡಿ, ಮಣಿಪಾಲದಲ್ಲಿ ನನ್ನ ಮಗಳ ಐದನೆಯ ಅಂತಸ್ತಿನ ಫ್ಲ್ಯಾಟು, ಕಾಪುವಿನಲ್ಲಿ ದೀಪಸ್ತಂಭದ ಗಾಳಿ ನೇರವಾಗಿ ಬಡಿಯುವ ನನ್ನ ಹಳೆಯ ಮನೆ, ಹೀಗೆ ಮೂರು ಕಡೆ ಇಟ್ಟ. ಅವನ ರಜೆ ಮೂರು ವಾರ. ಅಳತೆ ಮೂರು ತಿಂಗಳು. ಆದ್ದರಿಂದ ಕಾವಲಿನ ಕೆಲಸ ನನ್ನ ಪಾಲಿಗೆ ಬಂತು. ಇಟ್ಟ ದಿನ, ಗಂಟೆ, ಕಿಟಕಿ ಎಷ್ಟು ಹೊತ್ತು ತೆರೆದಿತ್ತು, ಯಾರಾದರೂ ಡಬ್ಬಿಯನ್ನು ಸರಿಸಿದರೇ ಎಂದೆಲ್ಲ ನೋಟುಪುಸ್ತಕದಲ್ಲಿ ಬರೆಯುತ್ತ ಹೋದೆ. ಕಟ್ಟಡದ ಲೆಕ್ಕ ಬರೆದ ಕೈಗೆ ಗಾಳಿಯ ಲೆಕ್ಕ ಬರೆಯುವುದು ಹೊಸದು.

ಹೊರಡುವ ಹಿಂದಿನ ರಾತ್ರಿ ಅವನು ಕಾರ್ಕಳದ ಮನೆಯಲ್ಲಿ ತಾಯಿಯ ಮದುವೆಯ ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದ. ‘ಮಾವ, ಈ ಗಾಜಿಗೆ ನೆನಪಿದೆ’ ಎಂದ. ನನಗೆ ಅರ್ಥವಾಗಲಿಲ್ಲ. ರೇಡಾನಿನ ಸಂತತಿಯಲ್ಲಿ ಸುಮಾರು 22 ವರ್ಷ ಅರ್ಧಾಯುಷ್ಯದ ಸೀಸವೊಂದಿದೆ. ಅದು ಗಾಜಿನ ಮೇಲ್ಮೈಯಲ್ಲಿ ಹುದುಗಿ ಉಳಿಯುತ್ತದೆ. ಹಳೆಯ ಚೌಕಟ್ಟಿನ ಗಾಜನ್ನು ಅಳೆದು, ದಶಕಗಳ ಹಿಂದೆ ಆ ಮನೆಯಲ್ಲಿ ಎಷ್ಟು ರೇಡಾನ್ ಇತ್ತೆಂದು ಸ್ವೀಡನ್ನಿನಲ್ಲಿಯೂ ಅಮೆರಿಕದಲ್ಲಿಯೂ ಅಂದಾಜು ಮಾಡಿದ್ದಾರಂತೆ. ‘ಹಾಗಾದರೆ ಇದನ್ನೂ ಕೊಂಡುಹೋಗು, ಅಳೆಸು’ ಎಂದೆ. ಅವನು ತಲೆಯಾಡಿಸಿದ. ‘ಅಂಕಿ ಸಿಕ್ಕಿದರೂ ಅಮ್ಮನ ವಿಷಯದಲ್ಲಿ ಉತ್ತರ ಸಿಕ್ಕುವುದಿಲ್ಲ. ನನ್ನ ಪಾಠವೇ ಅದು’ ಎಂದ. ಆಮೇಲೆ ತುಸು ತಡೆದು, ‘ಕಾರಣ ಒಂದು ಸಿಕ್ಕಿದ್ದರೆ ಅಪ್ಪನ ಮೇಲಿನ ಭಾರ ಇಳಿಯುತ್ತಿತ್ತು ಎಂಬ ಆಸೆಯಿಂದಲೇ ಈ ಕಸುಬು ಕಲಿಯಲು ಹೋದೆ ಮಾವ’ ಎಂದ. ಒಳಕೋಣೆಯಲ್ಲಿ ಭಾವ ಮಲಗಿದ್ದರು. ಅವರಿಗೆ ನಿದ್ದೆ ಬಂದಿತ್ತೋ ಇಲ್ಲವೋ ನಾನು ಕಾಣೆ.

ಏಪ್ರಿಲಿನಲ್ಲಿ ಡಬ್ಬಿಗಳನ್ನು ಅಂಚೆಯಲ್ಲಿ ಕಳುಹಿಸಿದೆ. ಫಲಿತಾಂಶ ಬಂತು. ಎಲ್ಲವೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ನೂರರ ಒಳಗೇ ಇದ್ದವು. ಕಾರ್ಕಳದಲ್ಲಿ ಮುಚ್ಚಿದ ಮಲಗುವ ಕೋಣೆಯದು ಗಾಳಿಯಾಡುವ ಚಾವಡಿಗಿಂತ ಹೆಚ್ಚಿತ್ತು. ಇದರಿಂದ ಜಿಲ್ಲೆಯ ಮನೆಗಳೆಲ್ಲ ಸುರಕ್ಷಿತವೆಂದು ಹೇಳಲು ನನಗೆ ಹಕ್ಕಿಲ್ಲ. ಮೂರು ಮನೆಗಳ ಲೆಕ್ಕ ಮೂರು ಮನೆಗಳದ್ದು ಮಾತ್ರ. ಅಕ್ಕ ಬದುಕಿದ್ದಾಗ ಆ ಮನೆ ಬೇರೆಯೇ ಇತ್ತು. ಹೆಂಚು ತೆಗೆದು ತಾರಸಿ ಹಾಕಿದ್ದು, ಸೆಗಣಿ ಸಾರಿಸಿದ ನೆಲಕ್ಕೆ ಗ್ರಾನೈಟ್ ಹಾಸಿದ್ದು ಅನಂತರ. ನಾನು ಕಾರ್ಕಳಕ್ಕೆ ಹೋಗಿ ಭಾವನಿಗೆ ಕಾಗದವನ್ನು ಓದಿ ಹೇಳಿದೆ. ‘ಅಂದರೆ ಏನು?’ ಎಂದು ಕೇಳಿದರು. ‘ಅಂದರೆ ಭಾವ, ಅಕ್ಕನಿಗೆ ಯಾಕೆ ಬಂತೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿದೆ ಎಂದವರಿಗೂ ಗೊತ್ತಿರಲಿಲ್ಲ’ ಎಂದೆ. ಅವರು ಸುಮ್ಮನೆ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿ, ಮಡಚಿ ಪೆಟ್ಟಿಗೆಯಲ್ಲಿಟ್ಟರು.

ಓದುಗರೇ, ಈ ಕಥೆಯನ್ನು ಓದಿ ಬೀಡಿ, ಸಿಗರೇಟು ನಿರ್ದೋಷಿಗಳೆಂದು ಭಾವಿಸಬಾರದು. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನವೇ ಮೊದಲ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬೇರೆ ಬೇರೆ ದೇಶಗಳಲ್ಲಿ ಈ ಕ್ಯಾನ್ಸರಿನ ಶೇಕಡಾ 3ರಿಂದ 14ರಷ್ಟಕ್ಕೆ ರೇಡಾನ್ ಕಾರಣ. ದೀರ್ಘಕಾಲ ಉಸಿರಾಡಿದ ರೇಡಾನಿನ ಸರಾಸರಿ 100 ಬೆಕರೆಲ್ ಏರಿದಂತೆ ಅಪಾಯ ಶೇಕಡಾ 16ರಷ್ಟು ಏರುತ್ತದೆ. ಅದೇ ಸಂಸ್ಥೆ ಹೇಳುವಂತೆ, ರೇಡಾನಿನಿಂದ ಆಗಬಹುದಾದ ಅಪಾಯ ಧೂಮಪಾನ ಮಾಡುವವರಿಗೆ ಮಾಡದವರಿಗಿಂತ ಸುಮಾರು 25 ಪಟ್ಟು ಹೆಚ್ಚು. ಆದ್ದರಿಂದ ಮನೆಯ ಗಾಳಿಯ ಬಗ್ಗೆ ಕಾಳಜಿಯಿರುವವರು ಮೊತ್ತಮೊದಲು ಮಾಡಬೇಕಾದ ಕೆಲಸಕ್ಕೆ ಯಾವ ಯಂತ್ರವೂ ಬೇಕಿಲ್ಲ.

ನಮ್ಮ ಹಿರಿಯರ ಮನೆಗಳು ಉಸಿರಾಡುತ್ತಿದ್ದವು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಜಾಗಕ್ಕೆ ಹೆಂಚು ಬಂತು. ಆದರೂ ಹೆಂಚಿನ ಸಂದು, ಪಕ್ಕಾಸು ರೀಪುಗಳ ನಡುವಿನ ತೆರವು, ಮರದ ಅಳಿಗಳ ಕಿಟಕಿ ಇವುಗಳಲ್ಲೆಲ್ಲ ಕಡಲ ಗಾಳಿ ಹಾದುಹೋಗುತ್ತಿತ್ತು. ಈಗ ತಾರಸಿ ಬಂದಿದೆ, ಗಾಜಿನ ಕಿಟಕಿ ಬಂದಿದೆ, ಸೊಳ್ಳೆಗೂ ಎ.ಸಿ.ಗೂ ಮಳೆಗೂ ಕಿಟಕಿ ಮುಚ್ಚುವುದು ಅಭ್ಯಾಸವಾಗಿದೆ. ಇಷ್ಟರಿಂದಲೇ ಅಪಾಯ ಬಂದಿದೆ ಎನ್ನುವುದಿಲ್ಲ. ಬಹುಮಹಡಿಯ ಮೇಲಂತಸ್ತುಗಳಿಗೆ ನೆಲದ ಅನಿಲ ತಲುಪುವುದು ಕಡಿಮೆ. ಆದರೆ ಬಂಡೆಯ ಮೇಲೆ ಕಟ್ಟಿದ, ನೆಲದ ಕೋಣೆಯನ್ನು ಸದಾ ಮುಚ್ಚಿಡುವ ಮನೆಗಳನ್ನು ಅಳೆದು ನೋಡುವುದು ಒಳ್ಳೆಯದು. ಬಂಡೆಯಾಳದ ಬೋರ್‌ವೆಲ್ ನೀರಿನಲ್ಲೂ ರೇಡಾನ್ ಕರಗಿ ಬರಬಹುದು. ಅಂಥ ನೀರನ್ನು ಗಾಳಿಗೆ ತೆರೆದು ಚಿಮ್ಮಿಸಿ ಬಳಸಿದರೆ ಬಹುಪಾಲು ಹೊರಹೋಗುತ್ತದೆ.

ಹೊಸ ಮನೆ ಕಟ್ಟುವವರಿಗೆ ಒಂದು ಸಲಹೆ. ಪಂಚಾಂಗ ತುಂಬಿಸುವಾಗ ಕಾಂಕ್ರೀಟು ನೆಲದಡಿಯಲ್ಲಿ ನಾಲ್ಕಿಂಚು ದಪ್ಪಕ್ಕೆ ಜಲ್ಲಿ ಹರಡಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಜಲ್ಲಿಯಿಂದ ತಾರಸಿಯ ಮೇಲಿನವರೆಗೆ ಒಂದು ಪಿವಿಸಿ ಕೊಳವೆ ಬಿಟ್ಟುಬಿಡಿ. ಕೊಳವೆಗಳು ನೆಲ ಹಾದುಬರುವ ಜಾಗದ ಸಂದುಗಳನ್ನು ಚೆನ್ನಾಗಿ ಮುಚ್ಚಿಸಿ. ಕಟ್ಟುವ ಕಾಲದಲ್ಲಿ ಇದರ ಖರ್ಚು ದೊಡ್ಡದಲ್ಲ. ಮುಂದೆ ಅಳೆದಾಗ ರೇಡಾನ್ ಹೆಚ್ಚೆಂದು ಕಂಡರೆ ಆ ಕೊಳವೆಗೆ ಒಂದು ಫ್ಯಾನು ಜೋಡಿಸಿದರಾಯಿತು, ನೆಲ ಒಡೆಯಬೇಕಿಲ್ಲ. ಈಚೆಗೆ ನನ್ನ ಸಲಹೆ ಕೇಳಲು ಬಂದ ಶಿರ್ವದ ಕಡೆಯ ಯುವ ಮೇಸ್ತ್ರಿಗೆ ಇದನ್ನು ಚಿತ್ರ ಬರೆದು ತೋರಿಸಿದೆ. ಅವನು, ‘ಇದನ್ನು ಕಲಿಸುವ ಕೋರ್ಸು ನಮ್ಮಲ್ಲಿ ಎಲ್ಲುಂಟು ಸರ್?’ ಎಂದು ಕೇಳಿದ. ಕೊಣಾಜೆಯ ವಿಜ್ಞಾನಿಗಳು, ಮಣಿಪಾಲದ ವೈದ್ಯರು ಮತ್ತು ನಮ್ಮ ಐಟಿಐಗಳ ಶಿಕ್ಷಕರು ಒಟ್ಟಿಗೆ ಕುಳಿತರೆ ಕೆಲವು ದಿನಗಳ ಪಾಠವೊಂದನ್ನು ಸಿದ್ಧಪಡಿಸುವುದು ಕಷ್ಟವಲ್ಲ. ನಿಮ್ಮ ಮನೆಗಳಲ್ಲಿ ಆ ಸಂಸ್ಥೆಗಳೊಡನೆ ಸಂಬಂಧವಿರುವವರು ಇದ್ದೀರಿ. ದಯವಿಟ್ಟು ಆ ಮಾತನ್ನು ಅಲ್ಲಿಗೆ ಮುಟ್ಟಿಸಿ.

ಅಲ್ಲಿಯ ತನಕ ಇಷ್ಟನ್ನಾದರೂ ಮಾಡೋಣ. ಬೆಳಿಗ್ಗೆ ಎದ್ದೊಡನೆ ಮಲಗುವ ಕೋಣೆಯ ಕಿಟಕಿಗಳನ್ನು ತೆರೆಯೋಣ. ಕಾಯಿಲೆಯಿಂದ ನರಳುವವರನ್ನು ಕಾಣಲು ಹೋದಾಗ, ‘ಹೇಗೆ ಬಂತು?’ ಎಂದು ಕೇಳದೆ, ‘ಊಟ ಮಾಡಿದಿರಾ? ರಾತ್ರಿ ನಿದ್ದೆ ಬಂತೇ?’ ಎಂದು ಕೇಳೋಣ. ಅದಕ್ಕೆ ಅವರಲ್ಲಿ ಉತ್ತರವಿರುತ್ತದೆ.